ಸಂಸಾರಸ್ಥೆಯ ಶ್ರದ್ಧೆ: ಲಕ್ಷ್ಮೀಬಾಯಿ ತಿಲಕರ ‘ಸ್ಮೃತಿಚಿತ್ರೆ’

ಮುಂಬಯಿ, ಪುಣೆಗಳಲ್ಲಿ ನೆಲೆಸಿದ ಕನ್ನಡಿಗರು ಮಕ್ಕಳಿಗೆ ರಜೆ ಬಂದಾಗ ವೇರೂಳಿಗೆ ಹೋಗುವುದುಂಟು. ಕೈಲಾಸ ದೇವಾಲಯದ ಮುಂದೆ ನಿಂತು, ಇದನ್ನು ಕೊರೆಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ, ನಮ್ಮವನು, ಎಂದು ಎದೆಯುಬ್ಬಿಸಿ ಹೇಳುವುದೂ ಉಂಟು. ತಪ್ಪೇನಿಲ್ಲ. ಅಲ್ಲಿಂದ ಅನತಿ ದೂರದಲ್ಲಿರುವ ಘೃಷ್ಣೇಶ್ವರನ ದರ್ಶನವನ್ನೂ ಮಾಡಿಕೊಳ್ಳುತ್ತೇವೆ. ಆದರೆ ಆ ಸ್ಥಳದ ಕಥೆ ಒಬ್ಬ ಗೃಹಿಣಿಯದು ಎಂಬುದನ್ನು ಅವಸರದಲ್ಲಿ ಮರೆಯುತ್ತೇವೆ. ಘುಷ್ಮಾ ಎಂಬ ಹೆಂಗಸು ದಿನವೂ ಮಣ್ಣಿನ ಲಿಂಗಗಳನ್ನು ಮಾಡಿ ಪೂಜಿಸಿ ಕೆರೆಯಲ್ಲಿ ಬಿಡುತ್ತಿದ್ದಳು. ಸವತಿಯಾಗಿದ್ದ ಅಕ್ಕ ಹೊಟ್ಟೆಕಿಚ್ಚಿನಿಂದ ಇವಳ ಮಗನನ್ನೇ ಕೊಂದಳು. ಘುಷ್ಮಾ ಪೂಜೆ ನಿಲ್ಲಿಸಲಿಲ್ಲ, ಮಗ ಬದುಕಿಬಂದ, ಶಿವನು ಅಕ್ಕನನ್ನು ಶಿಕ್ಷಿಸಹೊರಟಾಗ ಅವಳನ್ನು ಕ್ಷಮಿಸೆಂದು ಬೇಡಿದಳು. ಕಥೆ ದೊಡ್ಡದು. ಆದರೂ ಕೇಳಿದಾಗ ಒಂದು ಸಂಶಯ ನಮ್ಮನ್ನು ಕಾಡದೆ ಇರದು: ಈ ತಾಯಿ ಒಂದು ಸಲವಾದರೂ ಗೊಣಗಲಿಲ್ಲವೆ?

ಗೊಣಗುತ್ತಲೇ ಶ್ರದ್ಧೆಯನ್ನು ಉಳಿಸಿಕೊಂಡ ಗೃಹಿಣಿಯೊಬ್ಬಳ ಕಥೆ ಬೇಕಾದರೆ ವೇರೂಳಿನಿಂದ ನಾಸಿಕದ ಕಡೆಗೆ ಹಿಂತಿರುಗಬೇಕು. ಅಲ್ಲಿ ಗೋದಾವರಿಯ ದಂಡೆಯ ಜಲಾಲಪುರದಲ್ಲಿ 1868ರಲ್ಲಿ ಹುಟ್ಟಿ, 1936ರಲ್ಲಿ ನಾಸಿಕದಲ್ಲೇ ತೀರಿಕೊಂಡ ಲಕ್ಷ್ಮೀಬಾಯಿ ತಿಲಕರು ಬರೆದ ‘ಸ್ಮೃತಿಚಿತ್ರೆ’ ಮರಾಠಿಯ ಅತ್ಯುತ್ತಮ ಆತ್ಮಕಥೆಗಳಲ್ಲಿ ಒಂದು. ನಾಲ್ಕು ಭಾಗಗಳ ಈ ಗ್ರಂಥದ ಪ್ರಕಟಣೆ 1934ರಲ್ಲಿ ಆರಂಭವಾಯಿತು. ಕೊನೆಯ ಭಾಗ ಬೆಳಕು ಕಂಡಾಗ ಬರೆದಾಕೆ ಇರಲಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಹೆಂಗಸು ಬರೆದ ಪುಸ್ತಕದ ತುಣುಕುಗಳು ಮುಂದೆ ಶಾಲೆಯ ಪಠ್ಯಗಳಲ್ಲಿ ಸೇರಿದವು. ವಿಜಯಾ ಮೆಹ್ತಾ ಅವರು 1980ರ ದಶಕದಲ್ಲಿ ಇದನ್ನು ತೆರೆಗೂ ತಂದರು.

ಆಕೆಯ ಪತಿ ನಾರಾಯಣ ವಾಮನ ತಿಲಕ (1861–1919). ಲೋಕಮಾನ್ಯರಲ್ಲ, ಕವಿ ತಿಲಕ. ಹೂವು ಮತ್ತು ಮಕ್ಕಳ ಕವಿಯೆಂದು ಮರಾಠಿಗರು ಪ್ರೀತಿಸಿದವರು. ಚಿತ್ಪಾವನ ಬ್ರಾಹ್ಮಣರಾದ ಇವರಿಗೆ 1893ರಲ್ಲಿ ನಾಗಪುರದಿಂದ ರಾಜನಂದಗಾಂವಕ್ಕೆ ಹೋಗುವ ರೈಲಿನಲ್ಲಿ ಒಬ್ಬ ಪಾಶ್ಚಾತ್ಯ ಸಹಪ್ರಯಾಣಿಕನಿಂದ ಹೊಸ ಒಡಂಬಡಿಕೆಯ ಪ್ರತಿ ದೊರಕಿತು. 1895ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ದೀಕ್ಷಾಸ್ನಾನ ಪಡೆದರು. ತುಕಾರಾಮನೆಂಬ ಸೇತುವೆಯ ಮೇಲೆ ನಡೆದೇ ತಾನು ಕ್ರಿಸ್ತನ ಪಾದ ಸೇರಿದೆನೆಂದು ಅವರು ಹೇಳಿಕೊಳ್ಳುತ್ತಿದ್ದುದು ಪ್ರಸಿದ್ಧವಾಗಿದೆ. ಅಭಂಗದ ಧಾಟಿಯಲ್ಲಿ ಕ್ರಿಸ್ತಸ್ತುತಿ ರಚಿಸಿದರು. ನಮ್ಮ ಕಿಟ್ಟೆಲ್ ಸಾಹೇಬರು 1862ರಷ್ಟು ಹಿಂದೆಯೇ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ಹಾಡಿದ್ದನ್ನು ಬಲ್ಲವರಿಗೆ ಇದು ಹೊಸತೆನಿಸದು.

ಈ ಪುಸ್ತಕದ ಬಗ್ಗೆ ಬರೆಯುವವರಲ್ಲಿ ಒಂದು ರೂಢಿಯಿದೆ. ತಿಲಕರು ಸಂತ, ಹಣವನ್ನು ಹುಲ್ಲಿಗೆ ಸಮ ಕಂಡವರು. ಲಕ್ಷ್ಮೀಬಾಯಿ ಅವರ ಹಿಂದೆ ನಡೆದ ಸಾಧ್ವಿ. ಒಡವೆ ವಸ್ತುಗಳಿಗಿಂತ ವಿಶ್ವಾಸ ದೊಡ್ಡದೆಂಬ ಕ್ರೈಸ್ತ ಜೀವನದ ಪಾಠಕ್ಕೆ ಇದೊಂದು ನಿದರ್ಶನ, ಎಂದು. ನಮಗೆ ಇದು ಒಪ್ಪಿಗೆಯಾಗುವುದಿಲ್ಲ. ಪುಸ್ತಕವನ್ನು ಹಾಗೆ ಓದಿದರೆ ಅದರ ಜೀವವೇ ಹೋಗುತ್ತದೆ. ವಸ್ತುಗಳನ್ನು ಲೆಕ್ಕಿಸದವನ ಕಥೆಯನ್ನು ವಸ್ತುಗಳ ಲೆಕ್ಕವಿಟ್ಟವಳು ಹೇಳುತ್ತಿದ್ದಾಳೆ ಎಂಬುದೇ ಇಲ್ಲಿಯ ಸ್ವಾರಸ್ಯ.

ಮೊದಲ ಭಾಗವನ್ನು ನೋಡಿರಿ. ಆಕೆಯ ತಂದೆಗೆ ಮಡಿಯ ಹುಚ್ಚು. 1857ರ ಗಲಾಟೆಯ ಕಾಲದಲ್ಲಿ ಹತ್ತಿರದ ಬಂಧುವೊಬ್ಬರನ್ನು ಗಲ್ಲಿಗೇರಿಸಿದ ಆಘಾತದಿಂದ ಅಂಟಿಕೊಂಡ ಹುಚ್ಚದು. ಮನೆಗೆ ಬಂದ ಸಾಮಾನನ್ನೆಲ್ಲ ತೊಳೆದು ತೊಳೆದು ಹೆಂಗಸರ, ಮಕ್ಕಳ ಕೈ ಸೋಲಬೇಕು. ಆ ಮನೆಯಲ್ಲಿ ಪ್ರತಿಯೊಂದು ಪದಾರ್ಥವೂ ಒಂದು ಭಯ. ಹನ್ನೊಂದರ ಆಸುಪಾಸಿನಲ್ಲಿ ಮದುವೆಯಾಗಿ ಈ ಹುಡುಗಿ ಸೇರಿದ್ದು ಇದಕ್ಕೆ ತೀರ ವಿರುದ್ಧವಾದ ಮನೆ. ಗಂಡನಿಗೆ ಯಾವ ಪದಾರ್ಥದ ಪರಿವೆಯೂ ಇಲ್ಲ. ಕೈಯಲ್ಲಿದ್ದುದು ಬೇಡಿದವನ ಪಾಲು. ಇದ್ದಕ್ಕಿದ್ದಂತೆ ಮನೆ ಬಿಟ್ಟು ಹೋಗುವುದು, ಸಿಟ್ಟು ಬಂದರೆ ಕೂಗಾಡುವುದು, ಮರುಗಳಿಗೆ ಮಗುವಿನಂತೆ ಅಳುವುದು. ಒಂದು ಊರಿನಲ್ಲಿ ಒಲೆ ಹೂಡಿ ಬಿಸಿಯಾಗುವಷ್ಟರಲ್ಲಿ ಇನ್ನೊಂದು ಊರು. ವರ್ಗದ ನೌಕರಿಯಲ್ಲಿ ಗಂಟುಮೂಟೆ ಕಟ್ಟಿ ಸಾಕಾದ ನಮ್ಮ ಗೃಹಿಣಿಯರಿಗೆ ಈ ಪುಟಗಳನ್ನು ವಿವರಿಸಿ ಹೇಳಬೇಕಾಗಿಲ್ಲ.

ಒಬ್ಬರಿಗೆ ವಸ್ತುವೆಂದರೆ ಮೈಲಿಗೆ, ಇನ್ನೊಬ್ಬರಿಗೆ ವಸ್ತುವೆಂದರೆ ಏನೂ ಅಲ್ಲ. ಈ ಇಬ್ಬರ ನಡುವೆ ಲಕ್ಷ್ಮೀಬಾಯಿಯವರಿಗೆ ಅಕ್ಕಿ ಅಕ್ಕಿಯೇ, ಕೊಡ ಕೊಡವೇ. ಯಾರ ಕೈಯಿಂದ ಬಂತು, ಎಷ್ಟು ದಿನಕ್ಕಾದೀತು, ಯಾರಿಗೆ ಕೊಡಬೇಕು ಎಂದು ನೋಡುವ ಕಣ್ಣು ಅವರದು. ಆಕೆಯ ಕೃತಜ್ಞತೆಯ ಬೇರು ಇರುವುದು ಈ ಲೆಕ್ಕದಲ್ಲೇ ಎಂದು ನಮಗೆ ತೋರುತ್ತದೆ. ಏನು ಬಂತೆಂದೇ ತಿಳಿಯದವನು ಯಾವುದಕ್ಕೆಂದು ವಂದಿಸಿಯಾನು?

ಗಂಡ ಕ್ರೈಸ್ತನಾದನೆಂಬ ಸುದ್ದಿ ತಲುಪಿದ ಮೇಲಿನ ಭಾಗ ಗ್ರಂಥದ ಹೃದಯ. ತಿಲಕರ ಭಕ್ತರು ಇದನ್ನು ಬೇಗ ದಾಟಿಬಿಡುತ್ತಾರೆ. ನಾವು ದಾಟಲಾರೆವು. ಇನ್ನೂ ಇಪ್ಪತ್ತೇಳರ ಪ್ರಾಯದ ಹೆಂಗಸು, ಕೈಯಲ್ಲಿ ಚಿಕ್ಕ ಮಗ ದತ್ತು. ಮುತ್ತೈದೆಯೂ ಅಲ್ಲ, ವಿಧವೆಯೂ ಅಲ್ಲ ಎಂಬ ಸ್ಥಿತಿ. ಸುಮಾರು ನಾಲ್ಕೈದು ವರ್ಷ ಅಗಲಿಕೆ, ಅದರಲ್ಲಿ ಒಂದಷ್ಟು ಕಾಲ ಪಂಢರಪುರದಲ್ಲಿ ವಾಸ. ವಿಶ್ವಾಸಕ್ಕಾಗಿ ಎಲ್ಲವನ್ನೂ ಬಿಟ್ಟವರು ತಿಲಕರೆನ್ನುತ್ತಾರೆ. ಬಿಟ್ಟದ್ದರಲ್ಲಿ ಇವರಿಬ್ಬರೂ ಸೇರಿದ್ದರಲ್ಲ! ಈ ಬೆಲೆ ತೆತ್ತವರು ಯಾರೆಂದು ಲಕ್ಷ್ಮೀಬಾಯಿ ಎಲ್ಲಿಯೂ ದೂರುವ ದನಿಯಲ್ಲಿ ಕೇಳುವುದಿಲ್ಲ. ಆದರೆ ನಡೆದದ್ದನ್ನು ಇದ್ದಂತೆಯೇ ಬರೆದಿಟ್ಟು, ಕೇಳುವ ಕೆಲಸವನ್ನು ಓದುಗರಿಗೆ ಬಿಡುತ್ತಾರೆ. ಆ ದಿನಗಳಲ್ಲಿ ಕೈಬಿಡದ ತವರಿನವರನ್ನು, ಪೇಂಡಸೆ ಬಂಧುಗಳನ್ನು ಅವರು ನೆನೆಯುವ ಬಗೆಯಲ್ಲಿ ಸ್ವಲ್ಪವೂ ನಾಟಕವಿಲ್ಲ. ಧರ್ಮ ಬೇರೆಯಾದ ಮೇಲೂ ಆ ಋಣ ಹರಿಯಲಿಲ್ಲ.

ಅಹಮದನಗರದಲ್ಲಿ (ಈಗಿನ ಅಹಿಲ್ಯಾನಗರ) ಗಂಡನ ಬಳಿಗೆ ಮರಳಿದ ಮೇಲೂ ಆಕೆ ಕೂಡಲೆ ಕ್ರೈಸ್ತಳಾಗಲಿಲ್ಲ. ತನ್ನ ನೀರು ಬೇರೆ, ತನ್ನ ಅಡಿಗೆ ಬೇರೆ. ಜಾತಿಯೆಂಬುದು ಮನುಷ್ಯನ ಕೈಕೆಲಸವೆಂದು ಆಲೋಚಿಸಿ ಆಲೋಚಿಸಿ ತಾನಾಗಿ ಮನಗಂಡು, ಯಾರು ಕೊಟ್ಟರೂ ಉಣ್ಣುವೆನೆಂದು ನಿಶ್ಚಯಿಸಿದರು. ದೀಕ್ಷೆ ಬಂದದ್ದು ಅನಂತರ, 1900ರಲ್ಲಿ. ಮೊದಲು ಅನ್ನದ ಮೈಲಿಗೆ ಹೋಯಿತು, ಆಮೇಲೆ ಮತ ಬದಲಾಯಿತು. ತಂದೆಯ ಮನೆಯಲ್ಲಿ ಸಾಮಾನು ತೊಳೆದ ಹುಡುಗಿಗೆ ಇದು ಎಂಥ ದೂರದ ಪ್ರಯಾಣವೆಂಬುದನ್ನು ಯೋಚಿಸಬೇಕು. ಬರಗಾಲದಲ್ಲಿ ಅನಾಥ ಮಕ್ಕಳನ್ನು ಮನೆಗೆ ಸೇರಿಸಿಕೊಂಡರು. ಪ್ಲೇಗು ಬಂದಾಗ ದಾದಿಯ ವಿದ್ಯೆಯ ಗಂಧವಿಲ್ಲದಿದ್ದರೂ ರೋಗಿ ಹುಡುಗಿಯರ ಶಿಬಿರಕ್ಕೆ ಹೋಗಿ ನಿಂತರು. ಇದನ್ನೆಲ್ಲ ತ್ಯಾಗವೆಂದು ಹೊಗಳಿಕೊಳ್ಳುವುದು ಹಾಗಿರಲಿ, ತಮ್ಮ ಹೆದರಿಕೆಯನ್ನೂ ಪೆದ್ದುತನವನ್ನೂ ಹೇಳಿ ನಮ್ಮನ್ನು ನಗಿಸುತ್ತಾರೆ.

ಈ ನಗೆಯ ಬಗ್ಗೆ ಒಂದು ಮಾತು. ಭಕ್ತಿಯ ಪುಸ್ತಕಗಳಲ್ಲಿ ನಗೆ ವಿರಳ. ಇಲ್ಲಿ ಗಂಡನ ಸಂತತನಕ್ಕೂ ತಮ್ಮ ಜಿಪುಣತನಕ್ಕೂ ಒಂದೇ ಬಗೆಯ ನಗೆ ಸಲ್ಲುತ್ತದೆ. ತಿಲಕರು 1917ರಲ್ಲಿ ಮಿಶನ್ನಿನ ಸಂಬಳವನ್ನು ಬಿಟ್ಟು ಕ್ರೈಸ್ತ ಸಂನ್ಯಾಸ ತೊಟ್ಟು ಸಾತಾರೆಯಲ್ಲಿ ‘ದೇವರ ದರಬಾರು’ ಕಟ್ಟಹೊರಟರು. ಉದಾತ್ತ ಸಂಗತಿ, ಸಂಶಯವಿಲ್ಲ. ಆದರೆ ಹೆಂಡತಿ ಮಕ್ಕಳುಳ್ಳ ಸಂನ್ಯಾಸಿಯ ಮನೆಗೆ ತಿಂಗಳ ಮೊದಲ ತಾರೀಖು ಬಂದೇ ಬರುತ್ತದೆ. ಹಣ ಮುಖ್ಯವಲ್ಲ ಎನ್ನುವವರು ನಮ್ಮ ಮನೆಗಳಲ್ಲೂ ಬಹುಮಟ್ಟಿಗೆ ಅಡಿಗೆಮನೆಯ ಡಬ್ಬಿಗಳನ್ನು ತೆರೆದು ನೋಡದವರೇ. ಊರಿಗೆ ಮನಿಯಾರ್ಡರು ಕಳಿಸಿ, ಬಾಡಿಗೆ ಕೊಟ್ಟು, ಉಳಿದುದರಲ್ಲಿ ನೆಂಟರಿಗೆ ಊಟವಿಟ್ಟ ಎಷ್ಟು ತಾಯಂದಿರು ಒಂದು ತಲೆಮಾರು ದಾಟಿದ್ದಾರೆ! ಅವರ ಶ್ರದ್ಧೆಯ ಬಗ್ಗೆ ಯಾರೂ ಭಾಷಣ ಮಾಡಲಿಲ್ಲ.

ನಮ್ಮ ಕರಾವಳಿಯ ಕ್ರೈಸ್ತ ಬಂಧುಗಳ ತೆನೆಹಬ್ಬ ಇಲ್ಲಿ ನೆನಪಾಗುತ್ತದೆ. ಮೊಂತಿ ಫೆಸ್ತ್ ಎಂದು ಅವರು ಕರೆಯುವ, ಸೆಪ್ಟೆಂಬರ್ 8ರ ಮರಿಯಮ್ಮನವರ ಜನ್ಮದಿನದ ಹಬ್ಬ. ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು ಪುಡಿಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಸೇವಿಸುತ್ತಾರೆ. ದೂರದ ಊರುಗಳಲ್ಲಿರುವ ಮಕ್ಕಳಿಗೆ ನಾಲ್ಕು ಕಾಳನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುವ ರೂಢಿಯೂ ಇದೆ. ಬೆಲೆ ಕಟ್ಟಿದರೆ ಅದು ಅಂಚೆಚೀಟಿಗಿಂತ ಕಡಿಮೆ. ಹಾಗೆಂದು ಕಾಳಿಲ್ಲದ ಬರಿಯ ಲಕೋಟೆ ಕಳಿಸಿದರೆ ನಡೆಯುವುದಿಲ್ಲ. ವಂದನೆ ಸಲ್ಲಿಸಲೂ ಕೈಯಲ್ಲಿ ಏನಾದರೂ ಇರಬೇಕು ಎಂಬುದನ್ನು ಈ ಹಬ್ಬ ಮಾಡಿದವರು ಬಲ್ಲರು, ಲಕ್ಷ್ಮೀಬಾಯಿಯವರೂ ಬಲ್ಲರು.

ದೋಷಗಳಿಲ್ಲವೆ? ಇವೆ. ಇಸವಿ, ತಾರೀಖುಗಳು ವಿರಳವಾದ್ದರಿಂದ ಕಾಲದ ಎಳೆ ಆಗಾಗ ಕೈತಪ್ಪುತ್ತದೆ. ಕೆಲವು ಕಡೆ ಪ್ರಸಂಗದ ಮೇಲೆ ಪ್ರಸಂಗ ಬಿದ್ದು ರಾಶಿಯಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಜಾತಿ ಬಿಡುವುದಕ್ಕೆ ಕಾರಣವನ್ನು ಸ್ಪಷ್ಟವಾಗಿ ಕಾಣಿಸಿದವರು ಕ್ರಿಸ್ತನನ್ನು ಒಪ್ಪಿದ ಒಳಗಿನ ಕಥೆಯನ್ನು ಚುಟುಕಾಗಿ ಮುಗಿಸುತ್ತಾರೆ. ನಮಗೆ ಇನ್ನಷ್ಟು ಬೇಕಿತ್ತು. ಅದರ ಉತ್ತರ ಬಹುಶಃ ಬೇರೆಡೆ ಇದೆ. ತಿಲಕರು ‘ಖ್ರಿಸ್ತಾಯನ’ ಎಂಬ ಮಹಾಕಾವ್ಯವನ್ನು ಹತ್ತು ಹನ್ನೊಂದು ಅಧ್ಯಾಯಗಳಷ್ಟು ಬರೆದು 1919ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ಉಳಿದ ಅರವತ್ತಕ್ಕೂ ಮಿಕ್ಕ ಅಧ್ಯಾಯಗಳನ್ನು ಬರೆದು ಮುಗಿಸಿದವರು ಲಕ್ಷ್ಮೀಬಾಯಿ. ಗಂಡನು ಅರ್ಧಕ್ಕೆ ಬಿಟ್ಟ ಕೆಲಸಗಳನ್ನು ಮುಗಿಸುವುದು ಆಕೆಗೆ ಜೀವಮಾನದ ಅಭ್ಯಾಸವಾಗಿತ್ತೆಂದು ನಗೆಯಾಡಿದರೆ ಆಕೆ ಕೋಪಿಸಿಕೊಳ್ಳುತ್ತಿರಲಿಲ್ಲ.

ಇಂಗ್ಲಿಷಿನಲ್ಲಿ ಜೋಸೆಫೀನ್ ಇಂಕ್‌ಸ್ಟರ್ ಅವರ 1950ರ ಅನುವಾದವಿದೆ; ಶಾಂತಾ ಗೋಖಲೆಯವರದು 2017ರಲ್ಲಿ ಬಂತು. ಆದರೆ ಮಹಾರಾಷ್ಟ್ರದಲ್ಲಿರುವ ನಮ್ಮ ಕುಟುಂಬಗಳಿಗೆ ಇಂಗ್ಲಿಷಿನ ಹಂಗೇಕೆ? ಆಕೆಯದು ಜಗಲಿಯ ಮೇಲೆ ಕೂತು ಆಡಿದಂಥ ಮರಾಠಿ. ಮಕ್ಕಳು ಶಾಲೆಯಲ್ಲಿ ಆ ಭಾಷೆ ಕಲಿತಿದ್ದಾರೆ. ಅಕ್ಷರ ಬಾರದ ಅಜ್ಜಿ ಮನೆಯಲ್ಲಿದ್ದರೆ, ರಾತ್ರಿ ಊಟವಾದ ಮೇಲೆ ಮೊಮ್ಮಗಳು ಒಂದೊಂದು ಪುಟ ಓದಿ ಕನ್ನಡದಲ್ಲಿ ಹೇಳಲಿ. ಎಲ್ಲಿ ನಗಬೇಕು, ಎಲ್ಲಿ ಸೆರಗಿನಿಂದ ಕಣ್ಣೊರೆಸಬೇಕು ಎಂಬುದು ಅಜ್ಜಿಗೆ ಮೊಮ್ಮಗಳಿಗಿಂತ ಮೊದಲೇ ತಿಳಿದಿರುತ್ತದೆ.