ಗುರುತನ್ನು ನಂಬುವ ಮುನ್ನ

ಕೊಪ್ಪದಿಂದ ಹರಿಹರಪುರದ ಮಾರ್ಗವಾಗಿ ಶೃಂಗೇರಿಗೆ ಹೋಗುವವರಿಗೂ, ಬಾಳೆಹೊನ್ನೂರನ್ನು ದಾಟಿ ಭದ್ರೆಯ ಹಿನ್ನೀರಿನ ಅಂಚಿನಲ್ಲಿರುವ ನರಸಿಂಹರಾಜಪುರವನ್ನು ಸೇರುವವರಿಗೂ ಅನುಭವವೇದ್ಯವಾದ ಸಂಗತಿಯೊಂದುಂಟು. ಈ ಸೀಮೆಯ ಏರುಗಳಲ್ಲಿ ಎಂಜಿನ್ನಿನ ಗುಣದೋಷಗಳು ಬಹುಕಾಲ ಅಡಗಿರಲಾರವು. ಬಯಲುಸೀಮೆಯ ಸಮತಟ್ಟಾದ ಹೆದ್ದಾರಿಯಲ್ಲಿ ಹೇಗೋ ಮುಚ್ಚಿಹೋಗುವ ದೌರ್ಬಲ್ಯವು, ಅಡಿಕೆ ತೋಟದ ತಗ್ಗಿನಿಂದ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಮೇಲಿನ ಮಣ್ಣುರಸ್ತೆಗೆ ಹತ್ತುವಾಗ ಒಡನೆಯೇ ಪ್ರಕಟವಾಗಿಬಿಡುತ್ತದೆ. ಎಂಜಿನ್ನನ್ನು ಪೂರ್ತಿ ಬಿಚ್ಚಿ, ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿ, ವಾಲ್ವುಗಳನ್ನು ಕೂರಿಸಿ ಕಟ್ಟಿಸಿದ ಮೇಲೆಯೂ ಹಳೆಯ ಬುಲೆಟ್ಟು ಮೊದಲಿನಷ್ಟೂ ಎಳೆಯುತ್ತಿಲ್ಲವೆಂಬ ದೂರನ್ನು ನಾನು ಮೇಲಿಂದ ಮೇಲೆ ಕೇಳುತ್ತೇನೆ. ಕಾರ್ಬ್ಯುರೇಟರನ್ನು ಬದಲಿಸಿದ್ದಾಯಿತು, ಪಾಯಿಂಟನ್ನು ಬದಲಿಸಿದ್ದಾಯಿತು, ಕಾಯಿಲನ್ನೂ ಬದಲಿಸಿದ್ದಾಯಿತು. ಆದರೆ ಬಲಗಡೆಯ ಟೈಮಿಂಗ್ ಕವರಿನ ಒಳಗೆ ಎರಡನೆಯ ಸಲ ಇಣುಕಿ ನೋಡಿದವರು ವಿರಳ.

ನಮ್ಮ ನಾಡಿನದೇ ಆದ ಮೋಟರ್ ಸೈಕಲ್ಲಿಗೆ ಈ ಚಿಂತೆಯೇ ಇರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1960ರ ದಶಕದ ಆರಂಭದಿಂದ 1996ರವರೆಗೆ ಸಿದ್ಧವಾದ ಜಾವಾ ಮತ್ತು ಯೆಜ್ಡಿಗಳು ಟೂ ಸ್ಟ್ರೋಕ್ ಜಾತಿಯವು. ಅವುಗಳಲ್ಲಿ ವಾಲ್ವಿಲ್ಲ, ಕ್ಯಾಮಿಲ್ಲ, ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ತನ್ನ ಸಂಚಾರದಿಂದ ತೆರೆದು ಮುಚ್ಚುತ್ತದೆ. ಜಾವಾದ ಮೇಲೆ ಕೈ ಪಳಗಿದವನು ಇಗ್ನಿಷನ್ನಿನ ಟೈಮಿಂಗನ್ನು ಮಾತ್ರ ಟೈಮಿಂಗ್ ಎಂದೆಣಿಸುವುದು ಸಹಜವೇ. ಬುಲೆಟ್ಟಿನ ಪ್ರಕೃತಿ ಬೇರೆ. 1955ರಲ್ಲಿ ಇಂಗ್ಲೆಂಡಿನ ರೆಡಿಚ್ಚಿನ ಕಂಪನಿಯು ಮದರಾಸಿನ ಮದ್ರಾಸ್ ಮೋಟರ್ಸಿನೊಡನೆ ಕೈಜೋಡಿಸಿದಂದಿನಿಂದ 2010ರ ಆಸುಪಾಸಿನವರೆಗೆ ಮೂಲ ಸ್ವರೂಪವನ್ನು ಬಿಡದೆ ಬಂದ ಆ ಬೀಡು ಕಬ್ಬಿಣದ ಎಂಜಿನ್ನು 70 ಮಿಲಿಮೀಟರ್ ಬೋರಿನದು, 90 ಮಿಲಿಮೀಟರ್ ಸ್ಟ್ರೋಕಿನದು, 346 ಸಿ.ಸಿ. ಸಾಮರ್ಥ್ಯದ್ದು. ಬೋರಿಗಿಂತ ಸ್ಟ್ರೋಕು ಇಷ್ಟು ದೀರ್ಘವಾಗಿರುವುದರಿಂದಲೇ ನಿಧಾನಗತಿಯಲ್ಲಿ ಏರನ್ನು ಹತ್ತುವ ಗುಣ ಅದಕ್ಕೆ ಲಭಿಸಿದೆ. ಮಲೆನಾಡಿಗೆ ಅದು ಒಗ್ಗಿದುದೂ ಆ ಕಾರಣದಿಂದಲೇ. ಕ್ಯಾಮಿನ ಟೈಮಿಂಗ್ ತಪ್ಪಿದಾಗ ಮೊದಲು ನಷ್ಟವಾಗುವುದೂ ಆ ಗುಣವೇ.

ಕ್ರ್ಯಾಂಕಿನ ತುದಿಯಲ್ಲಿರುವ ಪಿನಿಯನ್ನು ಇನ್‌ಲೆಟ್ ಮತ್ತು ಎಕ್ಸಾಸ್ಟ್‌ಗಳ ಎರಡು ಕ್ಯಾಮ್ ಚಕ್ರಗಳನ್ನು ತನ್ನ ಅರ್ಧ ವೇಗದಲ್ಲಿ ತಿರುಗಿಸುತ್ತದೆ. ಕ್ರ್ಯಾಂಕು ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಹಲ್ಲುಗಳ ಮೇಲೆ ಚುಕ್ಕೆ ಗೀಟುಗಳ ಗುರುತುಗಳಿದ್ದು, ಅವು ಒಂದನ್ನೊಂದು ಸಂಧಿಸುವಂತೆ ಜೋಡಿಸಬೇಕೆಂಬುದು ಸರ್ವವಿದಿತ. ಒಂದು ಹಲ್ಲು ಆಚೀಚೆ ಆದರೆ ಏನು ಮಹಾ ಎಂದು ಕೇಳುವವರು ಲೆಕ್ಕ ಹಾಕಿ ನೋಡಬೇಕು: ಪಿನಿಯನ್ನಿಗೆ 24 ಹಲ್ಲುಗಳಿವೆಯೆಂದು ಭಾವಿಸಿದರೆ, ಒಂದು ಹಲ್ಲಿನ ತಪ್ಪು ಕ್ರ್ಯಾಂಕಿನ ಲೆಕ್ಕದಲ್ಲಿ 15 ಡಿಗ್ರಿ. ಗಾಡಿಯನ್ನು ಸ್ಟಾರ್ಟ್ ಆಗದಂತೆ ತಡೆಯುವುದಕ್ಕೆ ಇಷ್ಟು ಸಾಲದು, ಅದರ ಸತ್ತ್ವವನ್ನು ಹೀರುವುದಕ್ಕೆ ಧಾರಾಳವಾಗಿ ಸಾಕು. ಈ ದೋಷ ವರ್ಷಗಟ್ಟಲೆ ಪತ್ತೆಯಾಗದೆ ಉಳಿಯುವುದರ ಗುಟ್ಟು ಇದೇ.

ಲಕ್ಷಣಗಳನ್ನು ಓದಬಲ್ಲವನಿಗೆ ಎಂಜಿನ್ನೇ ಎಲ್ಲವನ್ನೂ ಹೇಳುತ್ತದೆ. ಕ್ಯಾಮ್‌ಗಳು ಹಿಂದೆ ಬಿದ್ದಿದ್ದರೆ ಇನ್‌ಲೆಟ್ ವಾಲ್ವು ಮುಚ್ಚಬೇಕಾದುದಕ್ಕಿಂತ ತಡವಾಗಿ ಮುಚ್ಚುತ್ತದೆ, ಮೇಲೇರುತ್ತಿರುವ ಪಿಸ್ಟನ್ನು ಒಳಗೆಳೆದುಕೊಂಡ ಗಾಳಿ ಪೆಟ್ರೋಲುಗಳ ಮಿಶ್ರಣವನ್ನು ಹಿಂದಕ್ಕೆ ನೂಕುತ್ತದೆ, ಕಿಕ್ಕರಿನ ಮೇಲೆ ಕಾಲಿಟ್ಟಾಗ ಇರಬೇಕಾದ ಬಿಗುವು ಇರುವುದಿಲ್ಲ, ಕಾರ್ಬ್ಯುರೇಟರಿನ ಬಾಯಿಯಲ್ಲಿ ಪೆಟ್ರೋಲಿನ ತುಂತುರು ಕಾಣುತ್ತದೆ. ಮುಂದೆ ಹೋಗಿದ್ದರೆ ಕಿಕ್ಕರಿನ ಬಿಗುವು ಹೆಚ್ಚುತ್ತದೆ, ಆದರೆ ಎಕ್ಸಾಸ್ಟ್ ವಾಲ್ವು ಬೇಗನೆ ತೆರೆದು, ಇನ್ನೂ ಕೆಲಸ ಮಾಡಬಹುದಾಗಿದ್ದ ಉರಿಯು ಸೈಲೆನ್ಸರಿನ ಪಾಲಾಗಿ, ವೇಗ ಏರಿದಷ್ಟೂ ಎಂಜಿನ್ನು ಉಸಿರು ಕಟ್ಟಿದಂತೆ ಆಡುತ್ತದೆ. ಎರಡರಲ್ಲಿ ಒಂದೇ ಕ್ಯಾಮ್ ತಪ್ಪಿದ್ದರೆ ಇನ್ನೂ ಕಷ್ಟ. ಎರಡು ವಾಲ್ವುಗಳೂ ಜೊತೆಯಾಗಿ ತೆರೆದಿರುವ ಅವಧಿಯೇ ವ್ಯತ್ಯಸ್ತವಾಗಿ, ಐಡ್ಲಿಂಗಿನಲ್ಲಿ ಆ ಪ್ರಸಿದ್ಧವಾದ ಸಮತಾಳ ಎಷ್ಟು ಸ್ಕ್ರೂ ತಿರುಗಿಸಿದರೂ ದೊರೆಯುವುದಿಲ್ಲ.

ಗುರುತುಗಳು ಸರಿಯಾಗಿ ಕೂಡಿವೆಯಾದ್ದರಿಂದ ಟೈಮಿಂಗ್ ಸರಿಯಾಗಿಯೇ ಇರಬೇಕೆಂಬ ವಾದವನ್ನು ನಾನು ಒಪ್ಪಲಾರೆ. ಐವತ್ತು ವರ್ಷ ಹಳೆಯ ಎಂಜಿನ್ನಿನಲ್ಲಿ ಪಿನಿಯನ್ ಒಂದು ಕಾಲದ್ದು, ಕ್ಯಾಮ್ ಇನ್ನೊಂದು ಕಾಲದ್ದು, ಅಂಗಡಿಯಿಂದ ತಂದ ಜೋಡಿ ಯಾರು ಮಾಡಿದ್ದೋ ತಿಳಿಯದ್ದು. ಚುಕ್ಕೆಯನ್ನು ಹೊಡೆದ ಕೈ ಒಂದು ಹಲ್ಲು ತಪ್ಪಿದ್ದರೆ ಜೋಡಿಸುವ ಕೈಯ ನಿಷ್ಠೆಯೆಲ್ಲ ವ್ಯರ್ಥ. ಶೃಂಗೇರಿಯ ವಿದ್ಯಾಶಂಕರ ದೇವಾಲಯದ ಹನ್ನೆರಡು ರಾಶಿಕಂಬಗಳ ಮೇಲೆ ಆಯಾ ಮಾಸದಲ್ಲಿ ಸೂರ್ಯಕಿರಣ ಬೀಳುತ್ತದೆಂಬ ಪ್ರತೀತಿಯನ್ನು ಎಲ್ಲರೂ ಬಲ್ಲರು; ಅದು ನಿಜವಾದಲ್ಲಿ, ಶಿಲ್ಪಿಯು ರಾಶಿಯನ್ನು ಕೆತ್ತಿದುದರಿಂದ ಬಿಸಿಲು ಅಲ್ಲಿಗೆ ಬಂದುದಲ್ಲ, ಬಿಸಿಲು ಬರುವ ಸ್ಥಾನವನ್ನು ನೋಡಿದ ಮೇಲೆ ರಾಶಿಯನ್ನು ಕೆತ್ತಿದುದು. ಕ್ಯಾಮಿನ ವಿಷಯದಲ್ಲಿಯೂ ವಾಲ್ವಿನ ಚಲನೆಯೇ ಪ್ರಮಾಣ, ಗುರುತು ಅದರ ಅನುಚರ.

ಆ ಚಲನೆಯನ್ನು ಅಳೆಯುವುದಕ್ಕೆ ದೊಡ್ಡ ಉಪಕರಣಗಳು ಬೇಕಿಲ್ಲ. 360 ಡಿಗ್ರಿಗಳನ್ನು ಗುರುತಿಸಿದ ತಟ್ಟೆಯೊಂದನ್ನು ಕ್ರ್ಯಾಂಕಿನ ತುದಿಗೆ ಭದ್ರಪಡಿಸಿ, ತಂತಿಯ ತುಂಡೊಂದನ್ನು ಸೂಚಿಯಾಗಿ ಬಾಗಿಸಿ ನಿಲ್ಲಿಸಿದರೆ ಆಯಿತು. ಕಠಿಣವಾದುದು ಪಿಸ್ಟನ್ನಿನ ಅತ್ಯುನ್ನತ ಬಿಂದುವನ್ನು ಹಿಡಿಯುವುದು. ಅಲ್ಲಿ ಪಿಸ್ಟನ್ನು ಕ್ಷಣಕಾಲ ನಿಂತಂತೆಯೇ ಇರುವುದರಿಂದ ಕಣ್ಣಂದಾಜು ಕೆಲವು ಡಿಗ್ರಿಗಳಷ್ಟು ಮೋಸ ಮಾಡುತ್ತದೆ. ಹೆಡ್ಡನ್ನು ಕೂರಿಸುವ ಮುನ್ನ ಬ್ಯಾರೆಲ್ಲಿನ ಮೇಲೆ ಅಡ್ಡಪಟ್ಟಿಯೊಂದನ್ನು ಬಿಗಿದು, ಅದರ ನಡುವಿನ ಬೋಲ್ಟು ಪಿಸ್ಟನ್ನನ್ನು ಸ್ವಲ್ಪ ಕೆಳಗೇ ತಡೆಯುವಂತೆ ಮಾಡಿ, ಕ್ರ್ಯಾಂಕನ್ನು ಮೆಲ್ಲಗೆ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗಿಸಿ, ತಡೆದ ಎರಡು ಸ್ಥಾನಗಳ ನಟ್ಟನಡುವೆ ಸೊನ್ನೆಯನ್ನು ನಿಲ್ಲಿಸಬೇಕು. ಇದಕ್ಕಿಂತ ನಿರ್ದುಷ್ಟವಾದ ವಿಧಾನ ನನಗೆ ಗೊತ್ತಿಲ್ಲ.

ಬಳಿಕ ಟ್ಯಾಪೆಟ್. ತಣ್ಣಗಿರುವ ಬುಲೆಟ್ಟಿನಲ್ಲಿ ಪುಶ್‌ರಾಡು ಬೆರಳಿಗೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಮಾತ್ರ ಅಲುಗಬಾರದು; ಓಡಿಸುವುದಕ್ಕೆ ಸರಿಯಾದ ಸ್ಥಿತಿ ಅದು. ಆದರೆ ಟೈಮಿಂಗನ್ನು ಅಳೆಯುವಾಗ ಕೈಪಿಡಿಯು ಆ ಪರೀಕ್ಷೆಗೆಂದೇ ವಿಧಿಸಿರುವ ಸಂದನ್ನು ಬಿಡದಿದ್ದರೆ, ವಾಲ್ವು ಬೇಗನೆ ತೆರೆದು ತಡವಾಗಿ ಮುಚ್ಚಿದಂತೆ ತೋರಿ, ಸರಿಯಾಗಿರುವ ಕ್ಯಾಮನ್ನೇ ದೂಷಿಸುವ ಪ್ರಸಂಗ ಬರುತ್ತದೆ. ಸವೆದ ಕ್ಯಾಮ್‌ಗಳಲ್ಲಿ ತೆರೆಯುವ ಮುಚ್ಚುವ ಅಂಚುಗಳನ್ನು ಹುಡುಕುವುದಕ್ಕಿಂತ, ಏರುವಾಗ ಮತ್ತು ಇಳಿಯುವಾಗ ವಾಲ್ವು ಒಂದೇ ಎತ್ತರದಲ್ಲಿರುವ ಎರಡು ಸ್ಥಾನಗಳನ್ನು ಡಯಲ್ ಗೇಜಿನಲ್ಲಿ ಓದಿ ಅವುಗಳ ಮಧ್ಯವನ್ನು ಕಂಡುಕೊಳ್ಳುವುದೇ ಶ್ರೇಯಸ್ಕರ. ಆ ಮಧ್ಯವೇ ಕ್ಯಾಮಿನ ಶಿಖರ. ವಾಲ್ವಿನ ಎತ್ತರವೇ ಕಡಿಮೆಯಾಗಿದ್ದರೆ ತಪ್ಪು ಟೈಮಿಂಗಿನದಲ್ಲ, ಕ್ಯಾಮ್ ಅಥವಾ ಟ್ಯಾಪೆಟ್ಟಿನ ಪಾದ ಸವೆದಿದೆ. ನಮ್ಮ ಕಡೆ, ಕೊಟ್ಟಿಗೆಯ ಮೂಲೆಯಲ್ಲಿ ಹಲವು ಮಳೆಗಾಲಗಳನ್ನು ಕಳೆದ ಎಂಜಿನ್ನುಗಳಲ್ಲಿ ಕ್ಯಾಮಿನ ಮೈಮೇಲೆ ತುಕ್ಕು ತಿಂದ ಸಣ್ಣ ಗುಳಿಗಳಿರುತ್ತವೆ. ಅಂಥದನ್ನು ಉಜ್ಜಿ ಹೊಳಪೇರಿಸಿ ಮತ್ತೆ ಹಾಕುವುದು ಹೊಸ ಟ್ಯಾಪೆಟ್ಟನ್ನು ಬಲಿಗೊಟ್ಟಂತೆ.

ಪಿನಿಯನ್ನನ್ನು ಹಿಡಿದಿರುವ ನಟ್ಟು ಎಡಮರೆಯದೆಂಬುದನ್ನು, ಅಂದರೆ ಬಲಕ್ಕೆ ತಿರುಗಿಸಿದರೆ ಸಡಿಲವಾಗುವುದೆಂಬುದನ್ನು ಮರೆತು, ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆದು ಕ್ರ್ಯಾಂಕಿನ ಮರೆಯನ್ನೇ ಕೆಡಿಸಿದವರುಂಟು. ಆಯಿಲ್ ಪಂಪನ್ನು ತಿರುಗಿಸುವುದೂ ಅದೇ ತುದಿಯಾದುದರಿಂದ ಅಲ್ಲಿ ಆತುರ ಸಲ್ಲದು.

ಇಗ್ನಿಷನ್ನನ್ನು ಕಟ್ಟಕಡೆಗೆ ಹಿಡಿಯಬೇಕು. ಪಾಯಿಂಟಿನ ದಂಡಕ್ಕೆ ಚಲನೆ ಬರುವುದು ಇದೇ ಚಕ್ರಗಳ ಸರಣಿಯಿಂದ. ಕ್ಯಾಮನ್ನು ಸರಿಪಡಿಸಿದವನು ಪಿಸ್ಟನ್ನು ಕಂಪ್ರೆಷನ್ನಿನಲ್ಲಿದೆಯೋ ಎಕ್ಸಾಸ್ಟಿನಲ್ಲಿದೆಯೋ ಎಂಬುದನ್ನು ಎರಡೂ ಪುಶ್‌ರಾಡುಗಳು ಸಡಿಲವಾಗಿರುವುದರಿಂದ ನಿಶ್ಚಯಿಸಿಕೊಂಡು, ಪಿಸ್ಟನ್ನು ತುದಿ ತಲಪುವುದಕ್ಕೆ 0.8 ಮಿಲಿಮೀಟರ್ ಇರುವಾಗ ಪಾಯಿಂಟು ತೆರೆಯುವಂತೆ ಕೂರಿಸಬೇಕು. ಈ ಅನುಕ್ರಮವನ್ನು ತಿರುಗುಮುರುಗು ಮಾಡಿದಲ್ಲಿ ಒಂದು ದೋಷವು ಇನ್ನೊಂದನ್ನು ಮರೆಮಾಡುತ್ತದೆ.

ಇದಕ್ಕೆ ಒಂದು ಮಧ್ಯಾಹ್ನದ ಹೆಚ್ಚಿನ ಹೊತ್ತು ತಗಲುತ್ತದೆಂಬುದು ನಿಜ, ಗ್ಯಾರೇಜಿನ ಹುಡುಗರಿಗೆ ಆ ಹೊತ್ತಿನ ಕೂಲಿಯನ್ನು ಯಾರೂ ಕೊಡುವುದಿಲ್ಲವೆಂಬುದೂ ನಿಜ. ಎಂಜಿನ್ ಕಟ್ಟಿಸುವ ಮಹನೀಯರಲ್ಲಿ ನನ್ನ ಅರಿಕೆ ಇಷ್ಟೆ: ಡಿಗ್ರಿ ತಟ್ಟೆಯನ್ನು ಹಾಕಿ ನೋಡಿರೆಂದು ನೀವಾಗಿಯೇ ಕೇಳಿರಿ, ಅದರ ಕೂಲಿಯನ್ನು ಬೇರೆಯಾಗಿ ಕೊಡಿರಿ, ಬಂದ ಓದುಗಳನ್ನು ಗಾಡಿಯ ಕಾಗದಪತ್ರಗಳ ಜೊತೆಗೆ ಬರೆದಿಡಿರಿ, ಚುಕ್ಕೆಯು ತಪ್ಪಾಗಿದ್ದರೆ ಸರಿಯಾದ ಹಲ್ಲಿನ ಮೇಲೆ ಹೊಸ ಗುರುತನ್ನು ಹೊಡೆಸಿದ ಮೇಲೆಯೇ ಟೈಮಿಂಗ್ ಕವರನ್ನು ಮುಚ್ಚಿಸಿರಿ.