ಗೆಳೆಯರ ತಟ್ಟೆ

ಮಕ್ಕಳಲ್ಲಿ ದಯೆ, ಸಹನೆ, ಕೂಡಿ ಬಾಳುವ ಗುಣ ಬೆಳೆಸಬೇಕೆಂದ ಕೂಡಲೇ ನಮ್ಮ ಶಾಲೆಗಳಿಗೆ ಹೊಳೆಯುವುದು ನೀತಿಕಥೆ, ಗೋಡೆಬರಹ, ಪ್ರಾರ್ಥನೆಯ ಹೊತ್ತಿನ ನಾಲ್ಕು ಹಿತನುಡಿ. ಆದರೆ ಈ ಕೆಲಸವನ್ನು ಉಪದೇಶವಿಲ್ಲದೆ ಮಾಡಬಲ್ಲ ಪದ್ಧತಿಯೊಂದು ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಬಹುಕಾಲದಿಂದ ಇದೆ. ಅದು ನಲಿ-ಕಲಿ. ಮಗುವಿಗೆ ಎಷ್ಟು ಅಕ್ಷರ ಬಂತು, ಕೂಡುವುದು ಕಳೆಯುವುದು ಬಂತೇ ಎಂದಷ್ಟೇ ಕೇಳಿ ಅದರ ಬೆಲೆ ಕಟ್ಟುತ್ತ ಬಂದಿದ್ದೇವೆ. ಆ ಪ್ರಶ್ನೆ ಬೇಕಾದದ್ದೇ. ಆದರೂ ಒಂದು ಮಗುವನ್ನು ಇನ್ನೊಂದು ಮಗುವಿನ ಪಕ್ಕದಲ್ಲಿ ಅದು ಕೂರಿಸಿದ ಬಗೆಯಲ್ಲೇ ಅದರ ಹಿರಿಮೆ ಇದೆ, ನಾವು ಅದನ್ನು ಕೈಬಿಟ್ಟದ್ದೂ ಅಲ್ಲಿಯೇ ಎಂಬುದು ನನ್ನ ವಾದ.

ನಲಿ-ಕಲಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾಯಿತು. ಆಂಧ್ರದ ರಿಷಿವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿಬಂದ ಶಿಕ್ಷಕರು ಅಲ್ಲಿನ ಕ್ರಮವನ್ನು ಕನ್ನಡಕ್ಕೆ ಹೊಂದಿಸಿಕೊಂಡರು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ 1 ಮತ್ತು 2ನೇ ತರಗತಿಗೂ ಮರುವರ್ಷ 3ನೇ ತರಗತಿಗೂ ಅದು ಹಬ್ಬಿತು. ಮೂರೂ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ, ಅಂದರೆ ಕಲಿಯಬೇಕಾದದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಪಟ. ಮಗು ಏಣಿಯಲ್ಲಿ ತನ್ನ ಮೆಟ್ಟಿಲು ಹುಡುಕಿ, ಅಲ್ಲಿರುವ ಚಿತ್ರದ ಗುರುತು ನೋಡಿ, ಅದೇ ಗುರುತಿನ ಕಾರ್ಡನ್ನು ತಾನೇ ತೆಗೆದುಕೊಂಡು ತನ್ನ ತಟ್ಟೆಗೆ ಹೋಗಬೇಕು. ತಟ್ಟೆ ಎಂದರೆ ಗುಂಪು. ಅಂಥವು ಐದು: ಶಿಕ್ಷಕರ ಪೂರ್ಣ ನೆರವಿನದು, ಅವರ ಭಾಗಶಃ ನೆರವಿನದು, ಗೆಳೆಯರ ಪೂರ್ಣ ನೆರವಿನದು, ಗೆಳೆಯರ ಭಾಗಶಃ ನೆರವಿನದು, ಕೊನೆಗೆ ಸ್ವಕಲಿಕೆಯದು. ಐದರಲ್ಲಿ ಎರಡು ತಟ್ಟೆಗಳನ್ನು ಗೆಳೆಯರಿಗೆಂದೇ ಎತ್ತಿಟ್ಟ ಪಠ್ಯಕ್ರಮವಿದು. ಪಕ್ಕದವನಿಗೆ ಹೇಳಿಕೊಡುವುದನ್ನು ನಕಲು ಎಂದು ಗದರಿಸುವ ಶಾಲಾ ಸಂಪ್ರದಾಯದಲ್ಲಿ ಇದು ಸಣ್ಣ ಮಾತಲ್ಲ.

ಅಕ್ಷರ ಕಲಿಸುವ ಕ್ರಮವನ್ನೇ ನೋಡಿ. ನಲಿ-ಕಲಿಯ ಮಗು ಅ ಆ ಇ ಈ ಎಂದು ವರ್ಣಮಾಲೆ ಒಪ್ಪಿಸುತ್ತ ಕೂರುವುದಿಲ್ಲ. ಮೊದಲು ಬರುವುದು ರ, ಗ, ಸ, ದ, ಅ. ಈ ಐದೇ ಅಕ್ಷರಗಳಲ್ಲಿ ಸರ, ಅರಸ, ಗರಗಸ ಎಂದು ಓದಬಹುದು. ‘ಗರಗಸ’ದ ಕಾರ್ಡು ಹಿಡಿದು ತಡವರಿಸುವ ಒಂದನೆಯವಳ ಪಕ್ಕದಲ್ಲಿ ಮೂರನೆಯವನೊಬ್ಬ ಕೂತು, ಅಕ್ಷರದ ಕೆಳಗೆ ಬೆರಳಿಟ್ಟು, ಅವಳು ಹೇಳುವ ತನಕ ಬಾಯಿ ಬಿಗಿಹಿಡಿದು ಕಾಯುತ್ತಾನೆ. ಉತ್ತರ ತನಗೆ ಗೊತ್ತಿದ್ದೂ ಎದುರಿನವರಿಗಾಗಿ ಕಾಯುವ ಆ ಹೊತ್ತಿನಲ್ಲಿ ಹುಡುಗ ಕಲಿಯುವ ತಾಳ್ಮೆಯನ್ನು ಯಾವ ನೀತಿಕಥೆಯೂ ಕೊಡಲಾರದು. ಹುಡುಗಿಯ ಪಾಲಿಗಾದರೂ ಅಷ್ಟೆ: ಎಲ್ಲರೆದುರು ಎದ್ದು ನಿಂತು ತಪ್ಪಿ ನಗೆಪಾಟಲಾಗುವ ಭಯವಿಲ್ಲ. ಸುಗ್ಗಿಗೋ ಜಾತ್ರೆಗೋ ಹೋಗಿ ಎರಡು ವಾರ ಶಾಲೆ ತಪ್ಪಿಸಿಕೊಂಡ ಮಗುವೂ ಮರಳಿ ಬಂದಾಗ ಬಿಟ್ಟ ಮೆಟ್ಟಿಲಿನಿಂದಲೇ ಏಣಿ ಹತ್ತಬಹುದು. ‘ನಿನ್ನನ್ನು ಬಿಟ್ಟು ಪಾಠ ಮುಂದೆ ಹೋಯಿತು’ ಎಂದು ಅದಕ್ಕೆ ಯಾರೂ ಹೇಳುವುದಿಲ್ಲ.

ಮಾತಿನಿಂದಲೇ ಕಲಿಸಬೇಕಾದದ್ದೂ ಇದೆಯಲ್ಲವೇ ಎಂದು ಕೇಳಬಹುದು. ದೆಹಲಿ ಸರ್ಕಾರ 2018ರ ಜುಲೈಯಲ್ಲಿ ದಲೈ ಲಾಮಾ ಅವರ ಸಮ್ಮುಖದಲ್ಲಿ ಆರಂಭಿಸಿದ ಹ್ಯಾಪಿನೆಸ್ ಪಠ್ಯಕ್ರಮ ಆ ನಂಬಿಕೆಯ ಮೇಲೆ ನಿಂತಿತ್ತು. ನರ್ಸರಿಯಿಂದ 8ನೇ ತರಗತಿಯವರೆಗೆ ಅದಕ್ಕೆಂದೇ ಒಂದು ಅವಧಿ, ಅದರಲ್ಲಿ ಧ್ಯಾನ, ಕಥೆ, ಚಟುವಟಿಕೆ, ಮನಬಿಚ್ಚಿದ ಮಾತು ಇದ್ದವು, ಪರೀಕ್ಷೆ ಇರಲಿಲ್ಲ. ಸಿಟ್ಟು, ಹೊಟ್ಟೆಕಿಚ್ಚು, ಅಂಜಿಕೆಗಳನ್ನು ಹೆಸರಿಟ್ಟು ಹೇಳಲು ಮಗುವಿಗೆ ಮಾತು ಕೊಡುವುದು ದೊಡ್ಡ ಉಪಕಾರ. ನಲಿ-ಕಲಿಯ ಕಾರ್ಡುಗಳಲ್ಲಿ ಅದಕ್ಕೆ ಅಷ್ಟು ಜಾಗವಿಲ್ಲ ಎಂದು ಒಪ್ಪುತ್ತೇನೆ. ಆದರೆ ಒಂದು ಅವಧಿಯಲ್ಲಿ ಕಣ್ಣುಮುಚ್ಚಿ ಎಲ್ಲರಿಗೂ ಒಳಿತು ಬಯಸಿದ ಮಗು ಮುಂದಿನ ಅವಧಿಯಲ್ಲಿ ಅಂಕಪಟ್ಟಿಗೆ ಕೈ ಅಡ್ಡವಿಟ್ಟುಕೊಂಡು ಕೂರಬೇಕಾದರೆ, ಮನಸ್ಸಿನಲ್ಲಿ ಉಳಿಯುವುದು ಎರಡನೆಯ ಪಾಠ. ದಿನವೆಲ್ಲ ನಡೆಯುವುದನ್ನು ಒಂದು ಅವಧಿ ತಿದ್ದಲಾರದು.

ಇನ್ನೊಂದು ಆಕ್ಷೇಪ ತಂದೆ ತಾಯಂದಿರದು. ‘ಇಸ್ಕೂಲಲ್ಲಿ ಬರೀ ಆಟ ಆಡಿಸ್ತಾರೆ, ಜಾಣ ಮಗು ದಡ್ಡರಿಗೆ ಪಾಠ ಹೇಳ್ತಾ ಹಿಂದೆ ಬೀಳುತ್ತೆ.’ ಈ ಆತಂಕವನ್ನು ತಳ್ಳಿಹಾಕಬಾರದು. ಒಂದೇ ಮಗುವನ್ನು ವರ್ಷವಿಡೀ ಪುಕ್ಕಟೆ ಮೇಷ್ಟ್ರು ಮಾಡಿದರೆ ಅದು ಅನ್ಯಾಯವೇ. ಆದರೆ ಪದ್ಧತಿಯ ಒಳಗೇ ಇದಕ್ಕೆ ಮದ್ದಿದೆ. ಕನ್ನಡಕ್ಕೊಂದು ಏಣಿ, ಗಣಿತಕ್ಕೊಂದು ಏಣಿ. ಓದಿನಲ್ಲಿ ಮುಂದಿರುವವಳು ಲೆಕ್ಕದಲ್ಲಿ ನೆರವು ಕೇಳುವ ತಟ್ಟೆಯಲ್ಲಿ ಇರಬಹುದು. ಮೂರು ತರಗತಿ ಬೆರೆತಿರುವುದರಿಂದ ಇಂದು ಕೇಳಿದವನು ಬರುವ ವರ್ಷ ಹೇಳಿಕೊಡುವವನಾಗುತ್ತಾನೆ. ಜಾಣ, ದಡ್ಡ ಎಂಬ ಹಣೆಪಟ್ಟಿ ಇಲ್ಲಿ ಅಂಟಿ ಕೂರುವುದು ಕಷ್ಟ. ಮತ್ತೆ, ತನಗೆ ತಿಳಿದದ್ದನ್ನು ಇನ್ನೊಬ್ಬರಿಗೆ ಬಿಡಿಸಿ ಹೇಳುವಾಗಲೇ ಅದು ತನ್ನಲ್ಲೂ ಗಟ್ಟಿಯಾಗುತ್ತದೆ.

ಈ ಪದ್ಧತಿಯ ಸೋಲಿನ ಮಾತು ಬೇರೆಯೇ ಇದೆ. ಮೂರು ತರಗತಿಗೆ ಒಬ್ಬರೇ ಶಿಕ್ಷಕರು, ಜೊತೆಗೆ ಬಿಸಿಯೂಟದ ಲೆಕ್ಕ, ಗಣತಿ, ಚುನಾವಣೆಯ ಕೆಲಸ ಎಂದಾದ ಕಡೆ ಗೆಳೆಯರ ತಟ್ಟೆ ಯಾರೂ ನೋಡಿಕೊಳ್ಳದ ತಟ್ಟೆಯಾಗುತ್ತದೆ. ಹೇಳಿಕೊಡುವುದನ್ನೂ ಹೇಳಿಕೊಡಬೇಕು: ಕಾರ್ಡು ಕಸಿದುಕೊಳ್ಳದೆ ತೋರಿಸುವುದು ಹೇಗೆ, ನಗದೆ ತಿದ್ದುವುದು ಹೇಗೆ, ‘ನಂಗೆ ಬರಲ್ಲ’ ಎಂದು ನಾಚದೆ ಕೇಳುವುದು ಹೇಗೆ. ಶಿಕ್ಷಕರು ಹತ್ತಿರ ಕೂತು ಇದನ್ನು ರೂಢಿ ಮಾಡಿಸದಿದ್ದರೆ ಅಲ್ಲಿ ಬಲವಾದ ಮಗುವಿನ ದರ್ಪ ಬೆಳೆಯುತ್ತದೆ. ಮಗುವಿನ ಮುನ್ನಡೆ ಗುರುತಿಸುವ ‘ಪ್ರಗತಿನೋಟ’ದ ಪಟ್ಟಿಯಲ್ಲಿ ಮೆಟ್ಟಿಲಿನ ಲೆಕ್ಕ ತುಂಬುವ ಆತುರದಲ್ಲಿ ಮೊದಲು ಬಲಿಯಾಗುವುದು ಈ ತಟ್ಟೆಯೇ. ಇನ್ನು 4ನೇ ತರಗತಿಗೆ ಬಂದರಂತೂ ಏಣಿಯೂ ಇಲ್ಲ, ತಟ್ಟೆಯೂ ಇಲ್ಲ. ಮೂರು ವರ್ಷ ಗೆಳೆಯನ ಕಾರ್ಡಿನ ಮೇಲೆ ಬೆರಳಿಟ್ಟು ಓದಿಸಿದ ಹುಡುಗ ಒಂದು ಬೇಸಿಗೆ ರಜೆ ಮುಗಿಸಿ ಬರುವಷ್ಟರಲ್ಲಿ, ಅದೇ ಗೆಳೆಯನ ಕಡೆ ತಿರುಗಿ ನೋಡಿದ್ದಕ್ಕೆ ಗದರಿಸಿಕೊಳ್ಳುತ್ತಾನೆ.