‘ನೀ ಹೀಂಗ ನೋಡಬ್ಯಾಡ ನನ್ನ’: ಗೀತವೂ ಅದರ ಹಿಂದಣ ಕಥೆಯೂ

ಗೀತವೊಂದು ಲೋಕಪ್ರಿಯವಾದೊಡನೆ ಅದರ ಹಿಂದಣ ಕಥೆಯೂ ಅದರ ಜೊತೆಯಲ್ಲೇ ಸಂಚರಿಸತೊಡಗುತ್ತದೆ. ಕ್ರೌಂಚವಧೆಯ ಪ್ರಸಂಗವನ್ನು ಬಿಟ್ಟು ರಾಮಾಯಣದ ಉದಯವನ್ನು ನಮ್ಮ ಪೂರ್ವಿಕರು ಹೇಳಲಿಲ್ಲ. ಇಂಥ ಕಥೆ ಗೀತಕ್ಕೆ ಬೆಳಕಾಗುವುದುಂಟು. ಗೀತವನ್ನೇ ಮರೆಮಾಡುವುದೂ ಉಂಟು. ಇವೆರಡರ ನಡುವಣ ಗೆರೆ ಎಲ್ಲಿದೆ ಎಂಬುದನ್ನು ದ.ರಾ. ಬೇಂದ್ರೆಯವರ (1896–1981) ಪ್ರಸಿದ್ಧ ಗೀತವೊಂದರ ಆಧಾರದಿಂದ ಪರಿಶೀಲಿಸುವುದು ನಮ್ಮ ಉದ್ದೇಶ.

ಈ ಪ್ರಶ್ನೆ ಕೇವಲ ಶಾಸ್ತ್ರಚರ್ಚೆಯದಲ್ಲ, ತರಗತಿಯದು. ಬೆಂಗಳೂರಿನ ಉತ್ತರದ ಅಂಚಿನಲ್ಲಿರುವ ಸೋಲದೇವನಹಳ್ಳಿಯಂಥ ಕಡೆ ಇಂದು ಕಾಲೇಜುಗಳು ನೆಲೆಗೊಂಡಿವೆ. ನಾಡಿನ ನಾನಾ ಭಾಗಗಳ ವಿದ್ಯಾರ್ಥಿಗಳು ಅಲ್ಲಿ ಕಲೆಯುತ್ತಾರೆ. ಧಾರವಾಡದ ಆಡುನುಡಿ ಅವರಲ್ಲಿ ಅನೇಕರಿಗೆ ಅಪರಿಚಿತ. ಗಿಟಾರಿನ ಹಿಮ್ಮೇಳದೊಡನೆ ಈ ಹಾಡನ್ನು ಕೇಳಿದವರು ಇದನ್ನು ನಲ್ಲೆಯ ಕಣ್ಣೋಟಕ್ಕೆ ಸೋತ ನಲ್ಲನ ಮಾತೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಆಗ ಅಧ್ಯಾಪಕರು ಹಿನ್ನೆಲೆಯ ಕಥೆಯನ್ನು ಹೇಳುತ್ತಾರೆ, ತರಗತಿ ಸ್ತಬ್ಧವಾಗುತ್ತದೆ. ಆದರೆ ವಿದ್ಯಾರ್ಥಿಯ ಮನ ಕರಗಿದ್ದು ಗೀತಕ್ಕೋ, ಕಥೆಗೋ?

ಕಥೆ ಇಷ್ಟು: ಕೂಸನ್ನು ಕಳೆದುಕೊಂಡ ದುಃಖದಲ್ಲಿ ಪತ್ನಿ ಲಕ್ಷ್ಮೀಬಾಯಿಯವರು ಪತಿಯನ್ನು ನೋಡಿದ ನೋಟವೇ ಈ ಗೀತದ ಮೂಲವೆಂದು ಪರಂಪರೆಯಿಂದ ಹೇಳಿಕೊಂಡು ಬಂದಿದ್ದಾರೆ. ಕವಿಯ ಬಾಳು ಇದಕ್ಕೆ ವಿರುದ್ಧವಾಗಿಲ್ಲ. ಬೇಂದ್ರೆಯವರ ವಿವಾಹ 1919ರಲ್ಲಿ ನಡೆಯಿತು. ಹುಟ್ಟಿದ ಒಂಬತ್ತು ಮಕ್ಕಳಲ್ಲಿ ಉಳಿದವರು ಮೂವರು ಮಾತ್ರ. ಆ ದಾಂಪತ್ಯದ ಸುಖದುಃಖಗಳೇ 1937ರ ‘ಸಖೀಗೀತ’ಕ್ಕೆ ವಸ್ತುವಾದವು.

ಇಷ್ಟನ್ನು ಒಪ್ಪಿಕೊಂಡು ಗೀತಕ್ಕೆ ಬಂದರೆ ಒಂದು ವಿಶೇಷ ಕಣ್ಣಿಗೆ ಬೀಳುತ್ತದೆ. ಕೂಸು ಸತ್ತಿತೆಂದು ಗೀತ ಎಲ್ಲಿಯೂ ಹೇಳುವುದಿಲ್ಲ. ಕೂಸು ಮಲಗಿದೆ, ಮುಂದಿನದನ್ನು ದೈವಕ್ಕೆ ಬಿಟ್ಟಿದೆ. ಕಥೆ ಮುಗಿಸಿಬಿಟ್ಟದ್ದನ್ನು ಗೀತ ಮುಗಿಸದೆ ಅಂಚಿನಲ್ಲಿ ನಿಲ್ಲಿಸಿದೆ. ಸಾವು ಅಲ್ಲಿ ವಾಚ್ಯವಾಗಿ ಕೂಸಿನ ಬಳಿ ಸುಳಿಯದೆ ತಾಯಿಯ ಮುಖದ ಮೇಲೆ ಕೈಯಾಡಿಸುತ್ತದೆ. ಹಗಲಿನ ಆಕಾಶದಲ್ಲಿ ತೇಲಿಬರುವ ಹುಣ್ಣಿಮೆಯ ಚಂದ್ರನ ಶವವಾಗಿ ಕಾಣಿಸಿಕೊಳ್ಳುತ್ತದೆ. ಆಸೆ ಉಳಿದಿದ್ದರೆ ವಿಪ್ರಲಂಭ, ಆಸೆ ಅಳಿದರೆ ಕರುಣ ಎಂದು ಆಲಂಕಾರಿಕರು ಪ್ರಿಯರ ಅಗಲಿಕೆಯನ್ನು ಕುರಿತು ಮಾಡಿದ ವಿಭಾಗವನ್ನು ಇಲ್ಲಿಗೆ ತಂದು ನೋಡಿದರೆ, ಈ ಗೀತದ ಭೀತಿ ಆ ಎರಡರ ಹೊಸಿಲ ಮೇಲೆ ನಿಂತಿದೆ. ‘ಸತ್ತ ಕೂಸಿನ ಹಾಡು’ ಎಂದು ಮೊದಲೇ ಹೇಳಿಬಿಟ್ಟರೆ ಈ ಹೊಸಿಲನ್ನೇ ಕಿತ್ತುಹಾಕಿದಂತಾಗುತ್ತದೆ.

ಎರಡನೆಯದಾಗಿ, ಕಥೆಯ ಭಾರದಲ್ಲಿ ಗೀತದ ಪ್ರೇಮ ಮರೆಯಾಗುವ ಅಪಾಯವಿದೆ. ಬಣ್ಣಗುಂದಿದ ತುಟಿ, ತನ್ನದಲ್ಲವೆಂಬಂತೆ ತೋರುವ ಕಣ್ಣು, ಇವೆಲ್ಲ ಶೃಂಗಾರಕಾವ್ಯದ ಅಂಗಾಂಗವರ್ಣನೆಯ ಸಾಮಗ್ರಿಯೇ. ಹಿಂದಿನ ಚೆಲುವನ್ನು ಬಲ್ಲ ಪ್ರಿಯನ ಕಣ್ಣಿಗೆ ಮಾತ್ರ ಇಂದಿನ ಮ್ಲಾನತೆ ಇಷ್ಟು ಸ್ಪಷ್ಟವಾಗಿ ಕಂಡೀತು. ಧಾರೆಯ ನೀರಿನಲ್ಲಿ ನೆನೆದ ಕೈಯನ್ನು ಅವಳು ತಂಪೆಂದು ಹಿಡಿದಳು. ಅದು ಬೂದಿಯಡಗಿನ ಕೆಂಡವೆಂದು ತಿಳಿದ ಮೇಲೂ ಬಿಡಲಿಲ್ಲ. ಗಂಡನು ತನ್ನನ್ನು ದೇವರೆಂದು ನಂಬಬೇಡವೆಂಬ ಧ್ವನಿಯಲ್ಲಿ ತನ್ನ ಅಸಹಾಯಕತೆಯನ್ನು ಅವಳ ಮುಂದೆ ಬಿಚ್ಚಿಡುತ್ತಾನೆ. ನೋಡಬೇಡವೆಂದು ಮೊದಲಾದ ಮಾತು ಅತ್ತುಬಿಡೆಂಬ ಬಿನ್ನಹದಲ್ಲಿ ಮುಗಿಯುತ್ತದೆ. ತನಗಾಗಿ ಕೇಳಿದ ದಯೆ ಕೊನೆಗೆ ಅವಳಿಗಾಗಿ ಕೇಳಿದ ದಯೆಯಾಗುತ್ತದೆ. ಆದ್ದರಿಂದ ಇದನ್ನು ಪ್ರೇಮಗೀತವೆಂದು ಕೇಳಿದ ವಿದ್ಯಾರ್ಥಿ ತಪ್ಪಿದನೆನ್ನಲಾಗದು. ಪ್ರೇಮದ ವ್ಯಾಪ್ತಿ ಅವನು ಊಹಿಸಿದ್ದಕ್ಕಿಂತ ದೊಡ್ಡದೆಂದಷ್ಟೇ ಅವನಿಗೆ ತೋರಿಸಬೇಕು.

ಇಲ್ಲಿ ಪಾಶ್ಚಾತ್ಯ ರಾಕ್ ಸಂಗೀತದ ಒಂದು ನಿದರ್ಶನ ಉಪಯುಕ್ತ. ‘ದಿ ಪೋಲೀಸ್’ ಎಂಬ ಇಂಗ್ಲಿಷ್ ವಾದ್ಯತಂಡದ ‘ಎವ್ರಿ ಬ್ರೆತ್ ಯು ಟೇಕ್’ (1983) ಮದುವೆಯ ಸಮಾರಂಭಗಳಲ್ಲಿಯೂ ನುಡಿಸುವ ಪ್ರೇಮಗೀತವಾಯಿತು. ಅದನ್ನು ಬರೆದ ಸ್ಟಿಂಗ್ ಅವರೇ ಅದು ಅಸೂಯೆಯ, ಕಾವಲುಗಣ್ಣಿನ ಹಾಡೆಂದು ವಿವರಿಸಿದರು. ಎರಡೂ ಗೀತಗಳ ಕೇಂದ್ರ ನೋಟವೇ. ಆದರೆ ಅಲ್ಲಿ ನೋಡುವವನಿಗೆ ನೋಟವು ಒಡೆತನದ ಸಾಧನ. ಇಲ್ಲಿ ನೋಟಕ್ಕೆ ಗುರಿಯಾದವನು ಅದನ್ನು ತಾಳಲಾರದೆ ಕುಸಿಯುತ್ತಾನೆ. ಅಲ್ಲಿ ಹಿನ್ನೆಲೆಯನ್ನರಿತರೆ ಪ್ರೇಮವೆಂಬ ಭ್ರಮೆ ಕಳಚುತ್ತದೆ; ಇಲ್ಲಿ ಹಿನ್ನೆಲೆಯನ್ನರಿತರೆ ಪ್ರೇಮ ಆಳವಾಗುತ್ತದೆ. ಎರಡು ಕಡೆಯೂ ಕಥೆಗೆ ಪ್ರಮಾಣ ದೊರೆಯುವುದು ಗೀತದ ಮಾತಿನಲ್ಲಿಯೇ.

ಬಾಳಿನ ಬವಣೆ ತನಗಿರಲಿ, ರಸಿಕನಿಗೆ ಸಲ್ಲತಕ್ಕದ್ದು ಅದರಿಂದ ಹುಟ್ಟಿದ ಗೀತವೆಂಬ ಆಶಯವನ್ನು ಬೇಂದ್ರೆಯವರೇ ಬೇರೊಂದು ಕವಿತೆಯಲ್ಲಿ ಸಾರಿದ್ದಾರೆ. ಕವಿಯ ಈ ಇಂಗಿತವನ್ನು ಅಧ್ಯಾಪಕರು ಮನ್ನಿಸುವುದು ಉಚಿತ. ಮೊದಲು ಗೀತವನ್ನು ಧಾರವಾಡದ ಉಚ್ಚಾರದಲ್ಲಿ ಗಟ್ಟಿಯಾಗಿ ಓದಬೇಕು. ಮಲಗಿರುವ ಕೂಸಿನ ಮಾತು ಬಂದಾಗ ವಿದ್ಯಾರ್ಥಿಯೇ ತಡೆದು ಪ್ರಶ್ನಿಸುವಂತಾಗಬೇಕು. ಕಥೆ ಆ ಪ್ರಶ್ನೆಗೆ ಉತ್ತರವಾಗಿ ಬರಬೇಕು. ಪ್ರಶ್ನೆ ಹುಟ್ಟುವ ಮುನ್ನವೇ ಉತ್ತರ ಕೊಟ್ಟರೆ ವಿದ್ಯಾರ್ಥಿಗೆ ಒಂದು ಸಂಗತಿ ತಿಳಿದೀತು, ಗೀತವು ದಕ್ಕಲಾರದು.